ನಿಂತು ದುಡಿಯುವವರ ಕಾಲುನೋವು ಮತ್ತು ವ್ಯಾಯಾಮ

(ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.)

ದುಡಿಮೆಯಿಂದ ಬರುವ ಆಯಾಸಗಳೆಲ್ಲವೂ ಒಂದೇ ಬಗೆಯವಲ್ಲ. ಅಡಿಕೆಯ ತೋಟದಲ್ಲಿ ದಿನವೆಲ್ಲ ಓಡಾಡಿದವನಿಗೂ, ರಾತ್ರಿಯಿಡೀ ರಂಗಸ್ಥಳದಲ್ಲಿ ಕುಣಿದ ಯಕ್ಷಗಾನ ಕಲಾವಿದನಿಗೂ ಮೈ ದಣಿಯುತ್ತದೆ. ಆದರೆ ಒಂದೇ ಸ್ಥಳದಲ್ಲಿ ಎಂಟು ಹತ್ತು ಗಂಟೆಗಳ ಕಾಲ ನಿಂತು ದುಡಿದವರ ಕಾಲುಗಳಲ್ಲಿ ಕಾಣಿಸುವ ನೋವು ಬೇರೆಯೇ ಬಗೆಯದು. ಸಂಜೆಯಾಗುತ್ತ ಮೀನಖಂಡಗಳು ಕಲ್ಲಿನಂತೆ ಭಾರವಾಗುತ್ತವೆ, ಹರಡಿನ ಸುತ್ತ ಬಾವು ಕಾಣುತ್ತದೆ, ಅಂಗಾಲು ಉರಿಯುತ್ತದೆ, ರಾತ್ರಿ ಮಲಗಿದಾಗ ಸೆಳೆತ ಬಂದು ನಿದ್ದೆ ಕೆಡುತ್ತದೆ. ನಡೆದದ್ದು ನಾಲ್ಕು ಹೆಜ್ಜೆ, ನೋವು ಮಾತ್ರ ನಾಲ್ಕು ಹರದಾರಿ ನಡೆದವರದ್ದು!

ನಮ್ಮ ಗಡಿನಾಡಿನಲ್ಲಿ ಇಂತಹ ನೋವನ್ನು ಅನುಭವಿಸುವವರು ಅನೇಕರಿದ್ದಾರೆ. ಕಾಸರಗೋಡಿನ ಜವಳಿ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ತಾಯಂದಿರು, ಹೋಟೆಲಿನ ಒಲೆಯ ಮುಂದೆ ದೋಸೆ ಹೊಯ್ಯುವವರು, ಆಸ್ಪತ್ರೆಯ ದಾದಿಯರು, ಪೆಟ್ರೋಲು ಬಂಕಿನಲ್ಲಿ ದುಡಿಯುವವರು, ಕಾವಲುಗಾರರು, ನಿತ್ಯವೂ ಬೆಳಗಿನ ರೈಲಿನಲ್ಲಿ ನಿಂತೇ ಮಂಗಳೂರಿಗೆ ಹೋಗಿ, ಅಲ್ಲಿಯೂ ದಿನವಿಡೀ ನಿಂತು, ಮತ್ತೆ ರೈಲಿನಲ್ಲಿ ನಿಂತು ಹಿಂದಿರುಗುವವರು — ಇವರಲ್ಲಿ ಎಷ್ಟೋ ಮಂದಿ ನಮ್ಮ ಶಾಲೆಗಳ ಮಕ್ಕಳ ತಂದೆತಾಯಿಗಳು. ಕರಿಹಲಗೆಯ ಮುಂದೆ ನಿಲ್ಲುವ ಉಪಾಧ್ಯಾಯರೂ ಈ ಸಾಲಿಗೆ ಸೇರಿದವರೇ.

ಇವರಲ್ಲಿ ಬಹಳ ಮಂದಿ ಈ ನೋವನ್ನು “ಹಣೆಬರಹ” ಎಂದೋ “ವಯಸ್ಸಾಯಿತು” ಎಂದೋ ಸಹಿಸಿಕೊಳ್ಳುತ್ತಾರೆ. ಕೆಲವರು ಎಣ್ಣೆ ತಿಕ್ಕುತ್ತಾರೆ. ಕೆಲವರು ತಾವಾಗಿಯೇ ನೋವಿನ ಮಾತ್ರೆಗಳನ್ನು ನುಂಗುತ್ತಾರೆ. ಎಣ್ಣೆಯಿಂದ ತುಸು ಹಿತವಾದೀತು. ಆದರೆ ವೈದ್ಯರ ಸಲಹೆಯಿಲ್ಲದೆ ಬಹುಕಾಲ ನುಂಗಿದ ಮಾತ್ರೆಗಳು ಹೊಟ್ಟೆಗೂ ಮೂತ್ರಪಿಂಡಗಳಿಗೂ ಕೇಡನ್ನು ಮಾಡಬಲ್ಲವು. ಕಡೆಗೆ ನಿಲ್ಲಲಾರದೆ ಕೆಲಸವನ್ನೇ ಬಿಡುವವರೂ ಉಂಟು. ಮನೆಯ ಸಂಪಾದನೆ ಕುಗ್ಗಿದರೆ ಅದರ ಬಿಸಿ ಮಕ್ಕಳ ಓದಿಗೂ ತಟ್ಟುತ್ತದೆ. ಆದಕಾರಣ ಇದು ಕೇವಲ ಕಾಲಿನ ಮಾತಲ್ಲ, ಮನೆಯ ಮಾತು. ಈ ನೋವಿನ ಕಾರಣವನ್ನು ತಿಳಿದುಕೊಂಡರೆ ಅದರ ಬಹುಭಾಗವನ್ನು ಖರ್ಚಿಲ್ಲದೆ ಇಳಿಸಿಕೊಳ್ಳಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಿಂತರೆ ನೋವೇಕೆ?

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಹೃದಯವು ಅದನ್ನು ಅಪಧಮನಿಗಳ ಮೂಲಕ ಅಂಗಾಂಗಗಳಿಗೆ ಒತ್ತಿ ಕಳುಹಿಸುತ್ತದೆ. ಅಭಿಧಮನಿಗಳು ಅದನ್ನು ಹೃದಯಕ್ಕೆ ಹಿಂದಕ್ಕೆ ತರುತ್ತವೆ. ಪಾದದವರೆಗೆ ಇಳಿಯುವುದು ರಕ್ತಕ್ಕೆ ಕಷ್ಟವಲ್ಲ. ಆದರೆ ಅಲ್ಲಿಂದ ಹೃದಯಕ್ಕೆ ಸುಮಾರು 4 ಅಡಿಗಳಷ್ಟು ಎತ್ತರವನ್ನು ಏರಬೇಕಷ್ಟೆ? ಬಾವಿಯ ನೀರು ತಾನಾಗಿ ಮೇಲಕ್ಕೆ ಬರುವುದಿಲ್ಲ, ಯಾರಾದರೂ ಸೇದಬೇಕು. ಕಾಲಿನ ರಕ್ತವನ್ನು ಸೇದುವವರು ಯಾರು?

ಆ ಕೆಲಸವನ್ನು ಮಾಡುವುದು ಮುಖ್ಯವಾಗಿ ಮೀನಖಂಡದ ಮಾಂಸಖಂಡಗಳು. ಅವು ಬಿಗಿದಾಗ ನಡುವೆ ಹಾದುಹೋಗುವ ಅಭಿಧಮನಿಗಳು ಹಿಂಡಲ್ಪಟ್ಟು ರಕ್ತವು ಮೇಲಕ್ಕೆ ಚಿಮ್ಮುತ್ತದೆ. ಅವು ಸಡಿಲಿದಾಗ ರಕ್ತವು ಮತ್ತೆ ಕೆಳಕ್ಕೆ ಜಾರದಂತೆ ಅಭಿಧಮನಿಗಳ ಒಳಗಿನ ಸಣ್ಣ ಕವಾಟಗಳು ಮುಚ್ಚಿಕೊಳ್ಳುತ್ತವೆ. ಕೈಪಂಪಿನ ಹಿಡಿಯನ್ನು ಒತ್ತಿದಂತೆ ಒಂದೊಂದು ಹೆಜ್ಜೆಯೂ ಒಂದೊಂದು ಒತ್ತು. ವೈದ್ಯರು ಮೀನಖಂಡವನ್ನು “ಎರಡನೆಯ ಹೃದಯ”ವೆಂದು ಕರೆಯುವುದು ಈ ಕಾರಣದಿಂದಲೇ.

ಅಲುಗಾಡದೆ ನಿಂತವನ ಹರಡಿನ ಬಳಿಯ ಅಭಿಧಮನಿಯಲ್ಲಿ ರಕ್ತದ ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿನಷ್ಟಿರುತ್ತದೆ. ಅವನೇ ನಡೆಯಲಾರಂಭಿಸಿದರೆ, ಕೆಲವೇ ಹೆಜ್ಜೆಗಳಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ನಿಂತಿರುವುದಕ್ಕೂ ನಡೆಯುವುದಕ್ಕೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಡಬೇಕು. ಕಾಲಿಗೆ ಕೇಡು ಮಾಡುವುದು ಕೆಲಸವಲ್ಲ, ನಿಶ್ಚಲತೆ. ಒತ್ತಡವು ಗಂಟೆಗಟ್ಟಲೆ ಹೆಚ್ಚಾಗಿಯೇ ಉಳಿದರೆ ರಕ್ತದ ನೀರಿನಂಶವು ಸೂಕ್ಷ್ಮ ನಾಳಗಳಿಂದ ಹೊರಗೆ ಜಿನುಗಿ ಬಾವುಂಟಾಗುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ, ಕೆಲವರಲ್ಲಿ ಅಭಿಧಮನಿಗಳು ಹಿಗ್ಗಿ, ಕವಾಟಗಳು ಸರಿಯಾಗಿ ಮುಚ್ಚದೆ, ಚರ್ಮದಡಿಯಲ್ಲಿ ನೀಲಿಯ ಹಗ್ಗದಂತೆ ಸುರುಳಿಸುರುಳಿಯಾಗಿ ಉಬ್ಬಿ ಕಾಣುತ್ತವೆ.

ಶಾಲೆಯ ಸಭೆಯಲ್ಲಿ ಬಿಸಿಲಿಗೆ ನಿಶ್ಚಲವಾಗಿ ನಿಂತ ಮಕ್ಕಳಲ್ಲಿ ಒಬ್ಬಿಬ್ಬರು ತಲೆಸುತ್ತಿ ಬೀಳುವುದುಂಟು. ಅನೇಕ ವೇಳೆ ಅದಕ್ಕೂ ಇದೇ ಕಾರಣ: ರಕ್ತವು ಕಾಲುಗಳಲ್ಲಿ ತಂಗಿ, ಮೆದುಳಿಗೆ ತಲುಪುವ ಪಾಲು ಕಡಿಮೆಯಾಗುತ್ತದೆ. ಅಂತಹ ಸಮಯದಲ್ಲಿ ಕಾಲ್ಬೆರಳುಗಳನ್ನು ಮಡಚಿ ಬಿಡಿಸುತ್ತ, ಮೀನಖಂಡವನ್ನು ಬಿಗಿದು ಸಡಿಲಿಸುತ್ತ ಇದ್ದರೆ ಒಳಿತು.

ಒಂದು ಸಣ್ಣ ಪ್ರಯೋಗ

ಅಭಿಧಮನಿಗಳ ಕವಾಟಗಳನ್ನು ಇಟಲಿಯ ಪಾದುವಾ ನಗರದ ಫಾಬ್ರಿಸಿಯಸ್ ಎಂಬ ವೈದ್ಯನು 1603ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದನು. ಅವನ ಶಿಷ್ಯನಾದ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಅವುಗಳ ನಿಜವಾದ ಪ್ರಯೋಜನವನ್ನು ಕಂಡುಹಿಡಿದು, ರಕ್ತವು ದೇಹದಲ್ಲಿ ಸುತ್ತುತ್ತಿರುವುದೆಂಬುದನ್ನು 1628ರಲ್ಲಿ ಜಗತ್ತಿಗೆ ತಿಳಿಸಿದನು. ಹಾರ್ವೆ ಮಾಡಿ ತೋರಿಸಿದ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದು.

ಅಜ್ಜನ ಅಥವಾ ತಂದೆಯವರ ಕೈಯನ್ನು ಕೆಲವು ಕ್ಷಣ ಕೆಳಗೆ ಇಳಿಬಿಡಲು ಹೇಳಿರಿ. ಹಸ್ತದ ಹಿಂಬದಿಯಲ್ಲಿ ಅಥವಾ ಮುಂಗೈಯಲ್ಲಿ ಅಭಿಧಮನಿಗಳು ಉಬ್ಬುತ್ತವೆ. ಅವುಗಳಲ್ಲೊಂದನ್ನು ಒಂದು ಬೆರಳಿನಿಂದ ಮೆಲ್ಲನೆ ಅದುಮಿಡಿರಿ. ಇನ್ನೊಂದು ಬೆರಳಿನಿಂದ ಅದರ ರಕ್ತವನ್ನು ಮೊಣಕೈಯ ದಿಕ್ಕಿಗೆ ಒರಸಿ, ಆ ಎರಡನೆಯ ಬೆರಳನ್ನು ತೆಗೆಯಿರಿ. ನಡುವೆ ಕವಾಟವಿದ್ದರೆ ಒರಸಿದ ಭಾಗವು ಬರಿದಾಗಿಯೇ ಉಳಿಯುತ್ತದೆ. ಮೇಲಿನ ರಕ್ತವು ಕೆಳಕ್ಕೆ ಬಾರದು. ಮೊದಲ ಬೆರಳನ್ನೂ ಎತ್ತಿದೊಡನೆ ಕೆಳಗಿನಿಂದ ರಕ್ತವು ನುಗ್ಗಿ ನಾಳವು ತುಂಬುತ್ತದೆ. ಒಂದು ಅಭಿಧಮನಿಯಲ್ಲಿ ಸರಿಯಾಗಿ ಕಾಣದಿದ್ದರೆ ಬೇರೊಂದರಲ್ಲಿ ನೋಡಿರಿ. ಬಳಿಕ ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಹೇಳಿರಿ. ಉಬ್ಬು ಇಳಿದು ಮಾಯವಾಗುತ್ತದೆ. ಕಾಲನ್ನು ಎತ್ತರದಲ್ಲಿಟ್ಟು ಮಲಗಿದರೆ ಹಿತವೇಕೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಮಾಂಸಖಂಡಗಳ ಮತ್ತು ಪಾದದ ಪಾಡು

ರಕ್ತದ ತಂಗುವಿಕೆಯೊಂದೇ ಕಾರಣವಲ್ಲ. ನೆಟ್ಟಗೆ ನಿಂತಿರಲು ಬೆನ್ನಿನ, ಸೊಂಟದ, ತೊಡೆಯ, ಮೀನಖಂಡದ ಮಾಂಸಖಂಡಗಳು ಸದಾ ಅಲ್ಪಸ್ವಲ್ಪ ಬಿಗಿದಿರಬೇಕು. ಬಿಗಿದು ಸಡಿಲುವ ಮಾಂಸಖಂಡಕ್ಕೆ ರಕ್ತವು ಚೆನ್ನಾಗಿ ಹರಿಯುತ್ತದೆ. ಬಿಗಿದೇ ಇರುವ ಮಾಂಸಖಂಡವು ಬೇಗನೆ ದಣಿಯುತ್ತದೆ. ತುಂಬಿದ ಕೊಡವನ್ನು ಹೊತ್ತು ನಡೆಯುವುದಕ್ಕಿಂತ, ಖಾಲಿ ಕೊಡವನ್ನೇ ತೋಳು ಚಾಚಿ ಹಿಡಿದು ನಿಲ್ಲುವುದು ಕಷ್ಟವೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಇನ್ನು ಪಾದವು 26 ಎಲುಬುಗಳಿಂದ ಕೂಡಿದ ಕಮಾನು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ಗಟ್ಟಿಯಾದ ನಾರಿನ ಪಟ್ಟಿಯೊಂದು ಈ ಕಮಾನನ್ನು ಬಿಲ್ಲಿನ ಹೆದೆಯಂತೆ ಹಿಡಿದಿದೆ. ಗಟ್ಟಿಯಾದ ನೆಲದ ಮೇಲೆ ದಿನವೂ ಬಹಳ ಹೊತ್ತು ನಿಲ್ಲುವವರಲ್ಲಿ ಆ ಪಟ್ಟಿಯು ಹಿಮ್ಮಡಿಗೆ ಸೇರುವಲ್ಲಿ ನೋಯತೊಡಗುವುದುಂಟು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಊರುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾದರೆ ಇದೇ ಕಾರಣವೆಂದು ಊಹಿಸಬಹುದು. ಮೀನಖಂಡವು ಬಿಗಿದುಕೊಂಡಿದ್ದರೆ ಈ ನೋವು ಹೆಚ್ಚುತ್ತದೆ.

ಕೆಲಸದ ನಡುವೆ ಮಾಡತಕ್ಕ ವ್ಯಾಯಾಮಗಳು

ಇವುಗಳಿಗೆ ಸ್ಥಳವೂ ಬೇಡ, ಬೇರೆ ಉಡುಪೂ ಬೇಡ. ಗಿರಾಕಿಗಳ ಕಣ್ಣಿಗೆ ಬೀಳದಂತೆ ಮೇಜಿನ ಮರೆಯಲ್ಲಿಯೇ ಮಾಡಬಹುದು.

1. ಹಿಮ್ಮಡಿ ಎತ್ತುವುದು: ಮೇಜನ್ನು ಹಗುರವಾಗಿ ಹಿಡಿದು ನಿಲ್ಲಬೇಕು. ಎರಡೂ ಹಿಮ್ಮಡಿಗಳನ್ನು ಮೆಲ್ಲನೆ ಎತ್ತಿ, ಕಾಲ್ಬೆರಳುಗಳ ಬುಡದ ಮೇಲೆ ಎರಡು ಎಣಿಕೆಯಷ್ಟು ಹೊತ್ತು ನಿಂತು, ಮೆಲ್ಲನೆ ಇಳಿಸಬೇಕು. ಮೊದಲ ವಾರ 5 ಸಲ, ಬಳಿಕ 10, ಬಳಿಕ 15 ಸಲದಂತೆ ಅರ್ಧ ಗಂಟೆಗೊಮ್ಮೆ ಮಾಡಬೇಕು. 8 ಗಂಟೆಯ ಕೆಲಸದಲ್ಲಿ 16 ಅರ್ಧ ಗಂಟೆಗಳಿವೆ. 15ರಂತೆ ಲೆಕ್ಕ ಹಾಕಿದರೆ 240 ಸಲ ಪಂಪನ್ನು ಒತ್ತಿದಂತಾಯಿತು. ಪ್ರತಿಸಲವೂ ಒಂದು ನಿಮಿಷಕ್ಕಿಂತ ಹೆಚ್ಚು ವೇಳೆ ಹಿಡಿಯದು. ಇತರ ಯಾವುದಕ್ಕೂ ಬಿಡುವಿಲ್ಲದವರು ಇದೊಂದನ್ನಾದರೂ ಬಿಡಬಾರದು.

2. ಮುಂಗಾಲು ಎತ್ತುವುದು: ಹಿಮ್ಮಡಿಯನ್ನು ಊರಿ, ಪಾದದ ಮುಂಭಾಗವನ್ನು ಮೇಲೆತ್ತಿ ಇಳಿಸಬೇಕು. ಒಂದೊಂದು ಕಾಲಿಗೆ 10 ಸಲ.

3. ಭಾರ ಬದಲಿಸುವುದು: ಮೊಣಕಾಲುಗಳನ್ನು ಹಿಂದಕ್ಕೆ ಒತ್ತಿ ಕೋಲಿನಂತೆ ನಿಲ್ಲಬಾರದು, ಅವು ತುಸು ಸಡಿಲವಾಗಿರಲಿ. ನಾಲ್ಕಾರು ಅಂಗುಲ ಎತ್ತರದ ಒಂದು ಮಣೆಯನ್ನೋ ಮರದ ತುಂಡನ್ನೋ ಕಾಲಬುಡದಲ್ಲಿಟ್ಟುಕೊಂಡು, ಒಮ್ಮೆ ಬಲಗಾಲನ್ನು, ಇನ್ನೊಮ್ಮೆ ಎಡಗಾಲನ್ನು ಅದರ ಮೇಲಿಡಬೇಕು. ಇದರಿಂದ ಸೊಂಟಕ್ಕೂ ವಿಶ್ರಾಂತಿ ದೊರೆಯುತ್ತದೆ.

4. ನಾಲ್ಕು ಹೆಜ್ಜೆ: ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಿಂತಲ್ಲೇ ನಿಲ್ಲದೆ ಹಿಂದೆ ಮುಂದೆ ನಡೆಯಬೇಕು. ಸ್ಥಳವಿಲ್ಲದಿದ್ದರೆ ನಿಂತಲ್ಲಿಯೇ ಹೆಜ್ಜೆ ಹಾಕಿದರೂ ಸರಿಯೆ. ರೈಲಿನಲ್ಲಿ ನಿಂತವರು ಕಂಬಿಯನ್ನು ಭದ್ರವಾಗಿ ಹಿಡಿದು, ಕಾಲ್ಬೆರಳುಗಳನ್ನು ಮಡಚಿ ಬಿಡಿಸುತ್ತ ಮೀನಖಂಡಗಳನ್ನು ಬಿಗಿದು ಸಡಿಲಿಸಬಹುದು.

ಮನೆಯಲ್ಲಿ ಮಾಡತಕ್ಕವು

1. ಹಾಸಿಗೆಯಲ್ಲಿ: ಬೆಳಿಗ್ಗೆ ಎದ್ದು ಕಾಲೂರುವ ಮುನ್ನ ಬೈರಾಸೊಂದನ್ನು ಪಾದದ ಮುಂಭಾಗಕ್ಕೆ ಹಾಕಿ, ಎರಡೂ ತುದಿಗಳನ್ನು ಹಿಡಿದು ಮೆಲ್ಲನೆ ತಮ್ಮ ಕಡೆಗೆ ಎಳೆದುಕೊಳ್ಳಬೇಕು. 20 ಎಣಿಸುವವರೆಗೆ ಹಿಡಿದು ಬಿಡಬೇಕು. ಒಂದೊಂದು ಕಾಲಿಗೆ 3 ಸಲ. ಹಿಮ್ಮಡಿ ನೋವಿನವರಿಗೆ ಇದು ವಿಶೇಷವಾಗಿ ಹಿತಕರ.

2. ಗೋಡೆಯ ವ್ಯಾಯಾಮ: ಗೋಡೆಗೆ ಕೈಗಳನ್ನೂರಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇಟ್ಟು ನಿಲ್ಲಬೇಕು. ಹಿಂದಿನ ಕಾಲಿನ ಹಿಮ್ಮಡಿಯು ನೆಲದಿಂದ ಏಳದಂತೆ, ಮೊಣಕಾಲು ಮಡಚದಂತೆ, ಮುಂದಕ್ಕೆ ಬಾಗಬೇಕು. ಮೀನಖಂಡದಲ್ಲಿ ಎಳೆತವು ತಿಳಿಯುತ್ತದೆ. 30 ಎಣಿಕೆಯ ಬಳಿಕ ಅದೇ ಕಾಲಿನ ಮೊಣಕಾಲನ್ನು ತುಸು ಮಡಚಿ ಮತ್ತೆ 30 ಎಣಿಸಬೇಕು. ಮೀನಖಂಡದಲ್ಲಿ ಹೊರಗಿನದೊಂದು, ಒಳಗಿನದೊಂದು ಎಂದು ಎರಡು ಮುಖ್ಯ ಮಾಂಸಖಂಡಗಳಿವೆ; ಮೊಣಕಾಲು ನೇರವಾಗಿದ್ದಾಗ ಹೊರಗಿನದೂ ಮಡಚಿದಾಗ ಒಳಗಿನದೂ ಹೆಚ್ಚಾಗಿ ಎಳೆಯಲ್ಪಡುತ್ತವೆ. ಎರಡೂ ಕಾಲುಗಳಿಗೆ 3 ಸಲದಂತೆ ಸಂಜೆ ಮಾಡಬೇಕು. ಜಗ್ಗುವುದು, ಕುಪ್ಪಳಿಸುವುದು ಕೂಡದು.

3. ಅಂಗಾಲಿಗೆ: ಕುರ್ಚಿಯಲ್ಲಿ ಕುಳಿತು, ನೀರು ತುಂಬಿದ ಪ್ಲಾಸ್ಟಿಕ್ ಸೀಸೆಯೊಂದನ್ನು ಅಂಗಾಲಿನ ಅಡಿಯಲ್ಲಿಟ್ಟು ಹಿಂದೆ ಮುಂದೆ ಉರುಳಿಸಬೇಕು. ಬಳಿಕ ನೆಲದಲ್ಲಿ ಹಾಸಿದ ಬೈರಾಸನ್ನು ಕಾಲ್ಬೆರಳುಗಳಿಂದ ಮುದುಡಿ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಮಕ್ಕಳಿಗೆ ಇದೊಂದು ಆಟವೂ ಹೌದು.

4. ಕುಳಿತು ಏಳುವುದು: ಕೈಗಳ ಸಹಾಯವಿಲ್ಲದೆ ಕುರ್ಚಿಯಿಂದ ಮೆಲ್ಲನೆ ಎದ್ದು, ಮೆಲ್ಲನೆ ಕುಳಿತುಕೊಳ್ಳಬೇಕು, 10 ಸಲ. ತೊಡೆಗಳಿಗೆ ಬಲ ಬರುತ್ತದೆ. ಬಲವಾದ ತೊಡೆಯು ಮೊಣಕಾಲಿನ ಭಾರವನ್ನು ಹಂಚಿಕೊಳ್ಳುತ್ತದೆ. ಮೊಣಕಾಲು ನೋಯುವವರು ಎತ್ತರದ ಕುರ್ಚಿಯನ್ನು ಆರಿಸಿಕೊಳ್ಳಲಿ.

5. ಕಾಲೆತ್ತಿ ಮಲಗುವುದು: ಕೊನೆಯಲ್ಲಿ ಅಂಗಾತ ಮಲಗಿ, ಕಾಲುಗಳನ್ನು ಎರಡು ದಿಂಬುಗಳ ಮೇಲೋ ಗೋಡೆಗೆ ಒರಗಿಸಿಯೋ ಹೃದಯಕ್ಕಿಂತ ಎತ್ತರದಲ್ಲಿರಿಸಿ 10ರಿಂದ 15 ನಿಮಿಷ ವಿಶ್ರಮಿಸಬೇಕು. ಆಗ ಹರಡುಗಳನ್ನು ವೃತ್ತಾಕಾರವಾಗಿ ತಿರುಗಿಸುತ್ತಿದ್ದರೆ ಬಾವು ಬೇಗನೆ ಇಳಿಯುತ್ತದೆ.

ವ್ಯಾಯಾಮದಲ್ಲಿ ಎಳೆತವು ತಿಳಿಯಬೇಕೇ ಹೊರತು ಚುಚ್ಚುವ ನೋವು ಬರಕೂಡದು. ಒಂದೆರಡು ದಿನಗಳಲ್ಲಿ ಫಲ ಕಾಣಲಿಲ್ಲವೆಂದು ಬಿಡುವುದು ಸಲ್ಲದು. ಕೆಲವು ವಾರಗಳ ನಿಯಮಿತ ಅಭ್ಯಾಸ ಬೇಕು. ಒಮ್ಮೆ ಹಿಗ್ಗಿದ ಅಭಿಧಮನಿಗಳನ್ನು ವ್ಯಾಯಾಮವು ಮೊದಲಿನಂತೆ ಮಾಡಲಾರದೆಂಬುದೂ ನಿಜ. ಆದರೆ ಭಾರವನ್ನೂ ಬಾವನ್ನೂ ಅದು ಇಳಿಸಬಲ್ಲದು.

ಪಾದರಕ್ಷೆ ಮತ್ತು ನೆಲ

ತೀರ ತೆಳ್ಳಗಿನ ಚಪ್ಪಲಿಯೂ ಎತ್ತರದ ಹಿಮ್ಮಡಿಯದೂ ನಿಂತು ದುಡಿಯುವವರಿಗೆ ತಕ್ಕುದಲ್ಲ. ಹಿಮ್ಮಡಿಯನ್ನು ಹಿಡಿದು ನಿಲ್ಲಿಸುವ, ಅಡಿಯು ಮೆತ್ತಗಿರುವ, ಬೆರಳುಗಳಿಗೆ ಎಡೆಯಿರುವ ಪಾದರಕ್ಷೆ ಬೇಕು. ಪಾದಗಳು ಸಂಜೆ ತುಸು ಊದಿಕೊಂಡಿರುವುದರಿಂದ ಸಂಜೆಯ ಹೊತ್ತಿನಲ್ಲಿಯೇ ಅಳತೆ ನೋಡಿ ಕೊಳ್ಳುವುದು ಜಾಣತನ. ಸಿಮೆಂಟಿನ ಅಥವಾ ಕಲ್ಲುಹಾಸಿನ ನೆಲದಲ್ಲಿ ನಿಲ್ಲುವವರು ಜಾರದಂತಹ ದಪ್ಪ ರಬ್ಬರಿನ ಹಾಸನ್ನು ಕಾಲಡಿಯಲ್ಲಿ ಹಾಕಿಕೊಂಡರೆ ಒಳ್ಳೆಯದು. ಬಿಗಿಯಾದ ಕಾಲುಚೀಲಗಳನ್ನು ಧರಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಧರಿಸಬೇಕು; ಅಪಧಮನಿಯ ತೊಂದರೆಯುಳ್ಳವರಿಗೆ ಅವುಗಳಿಂದ ಕೇಡಾಗಬಹುದು.

ಕುಳಿತುಕೊಳ್ಳುವ ಹಕ್ಕು

ವ್ಯಾಯಾಮವು ಎಷ್ಟೇ ಒಳ್ಳೆಯದಾದರೂ ಕುಳಿತುಕೊಳ್ಳಲು ಅವಕಾಶವೇ ಇಲ್ಲದಿದ್ದರೆ ಅದು ಅರ್ಧ ಮದ್ದು ಮಾತ್ರ. ನಿಂತು ದುಡಿಯಬೇಕಾದ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕುಳಿತುಕೊಳ್ಳಲು ತಕ್ಕ ಆಸನಗಳಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮು ವಿಧಿಸಿತ್ತು. ಆದರೆ ಅಂಗಡಿಗಳು ಕಾರ್ಖಾನೆಗಳಲ್ಲವಷ್ಟೆ! ಜವಳಿ ಅಂಗಡಿಗಳಲ್ಲಿ ದಿನವಿಡೀ ಕುಳಿತುಕೊಳ್ಳದೆ ದುಡಿಯುತ್ತಿದ್ದ ಕೇರಳದ ಮಹಿಳೆಯರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಕೋಝಿಕ್ಕೋಡಿನ ವಿಜಿ ಎಂಬವರೂ ಅವರ ಪೆಣ್‌ಕೂಟ್ಟ್ ಸಂಘಟನೆಯೂ ಈ ಹೋರಾಟದಲ್ಲಿ ಮುಂದಾಗಿದ್ದರು. ಅದರ ಫಲವಾಗಿ 2018ರಲ್ಲಿ ಕೇರಳ ಸರಕಾರವು ಅಂಗಡಿಗಳ ಕಾಯಿದೆಯನ್ನು ತಿದ್ದಿ, ಕೆಲಸದ ನಡುವೆ ಅವಕಾಶ ದೊರೆತಾಗ ಕುಳಿತುಕೊಳ್ಳುವಂತೆ ಆಸನಗಳನ್ನು ಒದಗಿಸುವುದನ್ನು ಮಾಲಕರ ಕರ್ತವ್ಯವನ್ನಾಗಿ ಮಾಡಿತು. 2021ರಲ್ಲಿ ತಮಿಳುನಾಡೂ ಇಂತಹದೇ ತಿದ್ದುಪಡಿಯನ್ನು ತಂದಿತು. ಆದುದರಿಂದ ಹೊಸೂರು, ತಾಳವಾಡಿಗಳ ನಮ್ಮ ಕನ್ನಡ ಬಂಧುಗಳಿಗೂ ಇದು ತಿಳಿದಿರಬೇಕಾದ ವಿಷಯ.

ಮಂಗಳೂರಿನಲ್ಲಿ ದುಡಿಯುವವರಿಗೆ ಕೇರಳದ ಈ ಕಾಯಿದೆಯು ಅನ್ವಯಿಸದು. ಆದರೆ ವಿನಯದಿಂದ ಒಂದು ಸ್ಟೂಲನ್ನು ಕೇಳುವುದಕ್ಕೆ ಯಾವ ಗಡಿಯೂ ಅಡ್ಡಿಯಲ್ಲ. ಕುಳಿತು ದಣಿವಾರಿಸಿಕೊಂಡವರು ಗಿರಾಕಿಗಳೊಡನೆ ನಗುಮುಖದಿಂದ ಮಾತನಾಡುತ್ತಾರೆಂಬುದನ್ನು ಅಂಗಡಿಯ ಮಾಲಕರಾದ ನಮ್ಮ ಪೋಷಕರೂ ಗಮನಿಸಬೇಕು. ಹಾಗೆಂದು ದಿನವಿಡೀ ಕುಳಿತೇ ಇರುವುದೂ ತಕ್ಕುದಲ್ಲ. ಆಗಲೂ ಮೀನಖಂಡದ ಪಂಪು ಸುಮ್ಮನಿರುತ್ತದೆ. ನಿಲ್ಲುವುದು, ಕೂರುವುದು, ನಡೆಯುವುದು ಒಂದಾದ ಮೇಲೊಂದು ಬರುತ್ತಿರಬೇಕು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎಲ್ಲ ಕಾಲುನೋವುಗಳೂ ನಿಂತದ್ದರಿಂದಲೇ ಬರುವಂಥವಲ್ಲ. ಆದುದರಿಂದ ಕೆಳಗಿನ ಮಾತುಗಳನ್ನು ಎಲ್ಲರೂ ಎಚ್ಚರದಿಂದ ಓದಬೇಕು.

ಒಂದೇ ಕಾಲು ಒಮ್ಮೆಲೆ ಊದಿ, ಬಿಸಿಯಾಗಿ, ಕೆಂಪೇರಿ ನೋಯತೊಡಗಿದರೆ ಆಳದ ಅಭಿಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ಆಗ ಎಣ್ಣೆ ತಿಕ್ಕುವುದಾಗಲಿ ವ್ಯಾಯಾಮ ಮಾಡುವುದಾಗಲಿ ಕೂಡದು. ಅದೇ ದಿನ ವೈದ್ಯರನ್ನು ಕಾಣಬೇಕು. ಅದರೊಡನೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಸ್ವಲ್ಪ ದೂರ ನಡೆದೊಡನೆ ಮೀನಖಂಡ ನೋಯುವುದು, ನಿಂತರೆ ನೋವು ಮಾಯವಾಗುವುದು — ಇದು ಅಪಧಮನಿಯು ಕಿರಿದಾದುದರ ಲಕ್ಷಣವಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿಯೂ ಸಿಹಿಮೂತ್ರ ರೋಗವುಳ್ಳವರಲ್ಲಿಯೂ ಇದು ಹೆಚ್ಚು. ಸಿಹಿಮೂತ್ರವುಳ್ಳವರಿಗೆ ಪಾದದ ಸ್ಪರ್ಶಜ್ಞಾನವೇ ಕುಂದಿರಬಹುದಾದ್ದರಿಂದ ಅವರು ದಿನವೂ ತಮ್ಮ ಅಂಗಾಲನ್ನು ನೋಡಿಕೊಳ್ಳಬೇಕು. ಹರಡಿನ ಬಳಿ ಚರ್ಮ ಕಪ್ಪಾಗಿ ಹುಣ್ಣಾಗಿ ಮಾಯದಿದ್ದರೆ, ಸೊಂಟದಿಂದ ಪಾದದವರೆಗೆ ನೋವು ಹರಿದು ಕಾಲು ಜೋಮುಗಟ್ಟಿದರೆ, ರಾತ್ರಿಯ ವಿಶ್ರಾಂತಿಯ ಬಳಿಕವೂ ಎರಡು ಕಾಲುಗಳ ಬಾವು ಇಳಿಯದಿದ್ದರೆ, ವೈದ್ಯರ ಪರೀಕ್ಷೆ ಅಗತ್ಯ. ಗರ್ಭಿಣಿಯರು ವೈದ್ಯರ ಸಲಹೆ ಪಡೆದೇ ವ್ಯಾಯಾಮವನ್ನು ಆರಂಭಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು

ಬಾಲಕ ಬಾಲಿಕೆಯರೇ, ಈ ಲೇಖನವನ್ನು ನೀವು ಮನೆಯಲ್ಲಿ ತಾಯಿತಂದೆಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಒಂದು ನೂಲಿನಿಂದ ಅವರ ಹರಡಿನ ಸುತ್ತಳತೆಯನ್ನು ಬೆಳಿಗ್ಗೆಯೂ ಸಂಜೆಯೂ ಒಂದೇ ಸ್ಥಳದಲ್ಲಿ ತೆಗೆದು, ಅಳತೆಪಟ್ಟಿಯ ಮೇಲಿಟ್ಟು, ಮಿಲಿಮೀಟರುಗಳಲ್ಲಿ ಬರೆದಿಡಿರಿ. ಎರಡರ ವ್ಯತ್ಯಾಸವೇ ಆ ದಿನದ ಬಾವು. ವ್ಯಾಯಾಮವನ್ನು ಆರಂಭಿಸುವ ಮುನ್ನ ಒಂದು ವಾರ, ಆರಂಭಿಸಿ ಒಂದು ತಿಂಗಳಾದ ಬಳಿಕ ಒಂದು ವಾರ ಹೀಗೆ ಅಳೆದು ಹೋಲಿಸಿರಿ. ತರಗತಿಯಲ್ಲಿ ಕಲಿತ ಗಣಿತವೂ ವಿಜ್ಞಾನವೂ ಮನೆಯ ಉಪಯೋಗಕ್ಕೆ ಬರುವ ಬಗೆ ಇದು.

ಸಂಜೆ ಕೆಲಸದಿಂದ ಹಿಂದಿರುಗಿದವರಿಗೆ ನೀರು ತಂದುಕೊಡುವುದು, ದಿಂಬು ತಂದಿಡುವುದು, ಅವರು ಕಾಲೆತ್ತಿ ಮಲಗಿದ ಹದಿನೈದು ನಿಮಿಷ ಮನೆಯ ಚಿಕ್ಕ ಕೆಲಸಗಳನ್ನು ನೀವೇ ನೋಡಿಕೊಳ್ಳುವುದು — ಇವು ದೊಡ್ಡ ಕೆಲಸಗಳೇನಲ್ಲ. ನೀವು ಕುಳಿತು ಓದಲೆಂದು ಅವರು ದಿನವೆಲ್ಲ ನಿಲ್ಲುತ್ತಾರೆ. ಅವರು ದಿನಕ್ಕೆ ಕಾಲು ಗಂಟೆ ಕಾಲು ಚಾಚುವಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕರ್ತವ್ಯ.